ಹೆಡ್‌ಲೈಟ್ ಸ್ವಿಚ್ ಆನ್ ಆಗಿಯೇ ಇತ್ತು

(ಮಂಡ್ಯದ ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನ ದುಡಿಮೆಯ ವರ್ಷಗಳೆಲ್ಲ ಕಳೆದದ್ದು ಕರಾವಳಿಯಲ್ಲಿ, ಸರ್ವೆ ದೋಣಿಯ ಮೇಲೆ. ಬಂದರಿನ ತಳದಲ್ಲಿ ಹೂಳು ಎಷ್ಟು ತುಂಬಿದೆ, ಹಡಗು ಬರುವ ದಾರಿಗೆ ಏನಾದರೂ ಅಡ್ಡ ಬಿದ್ದಿದೆಯಾ ಅಂತ ಸೋನಾರ್, ಅಂದರೆ ಶಬ್ದದ ಪ್ರತಿಧ್ವನಿಯಿಂದ ನೀರಿನ ತಳ ನೋಡುವ ಉಪಕರಣ, ಇಟ್ಟುಕೊಂಡು ಹುಡುಕುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಅಮೆರಿಕದಿಂದ ಒಂದು ಬಗೆಯ ಸುದ್ದಿ ಮತ್ತೆ ಮತ್ತೆ ಬರತೊಡಗಿದಾಗ ನಾನು ಅದರ ಬೆನ್ನು ಹತ್ತಿದೆ. ಅಲ್ಲಿನ ಕೆರೆ, ಹೊಳೆ, ಜಲಾಶಯಗಳಲ್ಲಿ ಹಳೆಯ ಕಾರುಗಳು ಸಿಗುತ್ತಿವೆ. ಕಾರಿನೊಳಗೆ ಇಪ್ಪತ್ತು, ನಲವತ್ತು ವರ್ಷಗಳ ಹಿಂದೆ ಕಾಣೆಯಾದವರು ಇದ್ದಾರೆ. ಆ ಕಾರುಗಳ ಬಗ್ಗೆ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ.

ಒಂದು ಪ್ರಕರಣವನ್ನು ನಿಧಾನವಾಗಿ ಹೇಳುತ್ತೇನೆ. ಉಳಿದವನ್ನು ಬೇಗ ದಾಟಿಕೊಂಡು ಹೋಗೋಣ.

1971ರ ಮೇ 29. ಸೌತ್ ಡಕೋಟ ರಾಜ್ಯ. ಹೊಲಗಳು, ಜಲ್ಲಿ ಹಾಸಿದ ರಸ್ತೆಗಳು, ನಡುನಡುವೆ ಸಣ್ಣ ಹಳ್ಳಗಳಿರುವ ಸೀಮೆ ಅದು. ವರ್ಮಿಲಿಯನ್ ಎಂಬ ಊರಿನ ಶಾಲೆಯಲ್ಲಿ ಓದುತ್ತಿದ್ದ ಇಬ್ಬರು ಹುಡುಗಿಯರು, ಇಬ್ಬರಿಗೂ ಹದಿನೇಳು ವರ್ಷ. ಶಾಲೆಯ ವರ್ಷ ಮುಗಿಯಿತೆಂದು ಜೊತೆಯವರೆಲ್ಲ ಒಂದು ಜಲ್ಲಿ ಕ್ವಾರಿಯ ಹತ್ತಿರ ಸೇರುವುದಿತ್ತು. ಕಾರು ಒಬ್ಬಳ ಅಜ್ಜನದು, 1960ರ ಸ್ಟೂಡಿಬೇಕರ್ ಲಾರ್ಕ್. ಹೊರಡುವ ಮುಂಚೆ ಆಸ್ಪತ್ರೆಯಲ್ಲಿದ್ದ ಅಜ್ಜಿಯನ್ನು ಮಾತಾಡಿಸಿಕೊಂಡು ಬಂದಿದ್ದರು. ದಾರಿ ಗೊತ್ತಿದ್ದ ಹುಡುಗರ ಕಾರಿನ ಹಿಂದೆ ಇವರ ಕಾರು ಹೋಗುತ್ತಿತ್ತು. ಮುಂದಿದ್ದವರು ತಿರುವು ತಪ್ಪಿಸಿ ಸ್ವಲ್ಪ ದೂರ ಹೋಗಿಬಿಟ್ಟರು. ಹಿಂತಿರುಗಿ ನೋಡಿದರೆ ಸ್ಟೂಡಿಬೇಕರ್ ಇಲ್ಲ.

ಆ ರಾತ್ರಿ ಅಷ್ಟೇ ಗೊತ್ತಾದದ್ದು. ಮುಂದಿನ ನಲವತ್ತೆರಡು ವರ್ಷ ಯಾರಿಗೂ ಅದಕ್ಕಿಂತ ಹೆಚ್ಚು ಗೊತ್ತಾಗಲಿಲ್ಲ.

ಗೊತ್ತಿಲ್ಲದಿದ್ದರೂ ಊರು ಸುಮ್ಮನಿರುತ್ತದೆಯೇ? ಹದಿನೇಳರ ಹುಡುಗಿಯರು ರಾತ್ರಿ ಕಾರಿನಲ್ಲಿ ಹೋದರು, ಬರಲಿಲ್ಲ. ಇದೇ ನಮ್ಮಲ್ಲಾಗಿದ್ದರೆ ಮಾರನೆಯ ದಿನ ಬೆಳಿಗ್ಗೆ ಕೊಳಾಯಿ ಹತ್ತಿರ ಏನು ಮಾತು ಹುಟ್ಟುತ್ತಿತ್ತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಓಡಿಹೋದವರು ಅನ್ನುವುದು ಮೊದಲನೆಯ ಮಾತು. ವರ್ಷಗಳು ಕಳೆದ ಹಾಗೆ ಆ ಮಾತು ಸವೆದು ಎರಡನೆಯದು ಬರುತ್ತದೆ: ಯಾರೋ ಕೊಂದಿದ್ದಾರೆ.

ಅಲ್ಲೂ ಎರಡನೆಯ ಮಾತು ಬಂತು. ಆ ಪ್ರದೇಶದ ಒಬ್ಬ ಮನುಷ್ಯ ಬೇರೆ ಅಪರಾಧಕ್ಕಾಗಿ ದೀರ್ಘ ಶಿಕ್ಷೆಯ ಮೇಲೆ ಜೈಲಿನಲ್ಲಿದ್ದ. ತನಿಖೆ ಅವನ ಮೇಲೆ ತಿರುಗಿತು. 2004ರಲ್ಲಿ ಅವನ ಮನೆತನದ ಜಮೀನನ್ನು ಪೊಲೀಸರು ಅಗೆದು ಶೋಧಿಸಿದರು. 2007ರಲ್ಲಿ ಇಬ್ಬರನ್ನೂ ಕೊಂದ ಆರೋಪ ಹೊರಿಸಿದರು. ಮುಖ್ಯ ಆಧಾರ ಏನು ಅಂದರೆ, ಅವನು ತಪ್ಪೊಪ್ಪಿಕೊಂಡದ್ದನ್ನು ಜೈಲಿನ ಇನ್ನೊಬ್ಬ ಕೈದಿ ಗುಟ್ಟಾಗಿ ಧ್ವನಿಮುದ್ರಿಸಿಕೊಂಡಿದ್ದ. ಆಮೇಲೆ ಆ ಧ್ವನಿಯೇ ಅವನದಲ್ಲ, ಎಲ್ಲ ಕಟ್ಟಿದ್ದು ಅಂತ ಬಯಲಾಯಿತು. 2008ರಲ್ಲಿ ಮೊಕದ್ದಮೆ ಕೈಬಿಟ್ಟರು. ಆ ಮನುಷ್ಯ ಒಳ್ಳೆಯವನು ಅಂತ ನಾನು ಹೇಳುತ್ತಿಲ್ಲ. ಜೈಲಿನಲ್ಲಿದ್ದದ್ದು ಬಹಳ ಕೆಟ್ಟ ಕೆಲಸಕ್ಕಾಗಿಯೇ. ಆದರೆ ಈ ಕೆಲಸ ಅವನು ಮಾಡಿರಲಿಲ್ಲ. ಹೊಲ ಅಗೆದವರು, ಆರೋಪ ಬರೆದವರು, ಅದನ್ನು ನಂಬಿದ ಊರಿನವರು ಯಾರಿಗೂ ಇದನ್ನು ಖಚಿತವಾಗಿ ತಿಳಿಯುವ ದಾರಿ ಇರಲಿಲ್ಲ. ತಿಳಿಸಬೇಕಾಗಿದ್ದ ಕಾರು ಹಳ್ಳದಲ್ಲಿತ್ತು.

2013ರ ಸೆಪ್ಟೆಂಬರ್‌ನಲ್ಲಿ ಬ್ರೂಲ್ ಕ್ರೀಕ್ ಅನ್ನುವ ಹಳ್ಳದ ನೀರು ಇಳಿದಿತ್ತು. ಸೇತುವೆಯ ಹತ್ತಿರ ತಲೆಕೆಳಗಾಗಿ ಬಿದ್ದಿದ್ದ ಕಾರೊಂದರ ಚಕ್ರಗಳು ಮೇಲೆ ಕಂಡವು. ಅದೇ ಸ್ಟೂಡಿಬೇಕರ್. ಅವರು ಹೋಗಬೇಕಾಗಿದ್ದ ಕ್ವಾರಿ ಅಲ್ಲಿಂದ ದೂರವೇನಲ್ಲ. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಆ ರಾಜ್ಯದ ಅಟಾರ್ನಿ ಜನರಲ್ ವಿವರಗಳನ್ನು ಪ್ರಕಟಿಸಿದರು. ಕೀ ಆನ್ ಆಗಿತ್ತು. ಗೇರು ಮೂರನೆಯದರಲ್ಲಿತ್ತು. ಹೆಡ್‌ಲೈಟ್ ಸ್ವಿಚ್ ಆನ್ ಆಗಿಯೇ ಇತ್ತು. ಒಂದು ಟೈರು ಸವೆದಿತ್ತು. ಇಬ್ಬರ ಅವಶೇಷಗಳೂ ಕಾರಿನೊಳಗೇ ಇದ್ದವು. ಯಾರೂ ಕೊಂದದ್ದಲ್ಲ, ಅಪಘಾತ.

ನಾನು ಯಂತ್ರಗಳ ಜೊತೆ ಬದುಕಿದವನು, ಆದ್ದರಿಂದ ಆ ಪಟ್ಟಿಯನ್ನು ಯಂತ್ರದ ಕಣ್ಣಿಂದ ಓದುತ್ತೇನೆ. ಮೂರನೆಯ ಗೇರು ಅಂದರೆ ಕಾರು ಓಡುತ್ತಿತ್ತು. ದೀಪ ಆನ್ ಅಂದರೆ ದಾರಿ ನೋಡಿಕೊಂಡು ಓಡಿಸುತ್ತಿದ್ದಳು. ಯಾರೋ ಕಾರನ್ನು ತಳ್ಳಿ ನೀರಿಗೆ ಬಿಟ್ಟಿದ್ದರೆ ಗೇರು ನ್ಯೂಟ್ರಲ್‌ನಲ್ಲಿರುತ್ತಿತ್ತು, ದೀಪ ಆರಿರುತ್ತಿತ್ತು. ಒಂದು ಸ್ವಿಚ್ಚು, ಒಂದು ಲಿವರು ನಲವತ್ತೆರಡು ವರ್ಷ ಕೆಸರಿನಲ್ಲಿ ಕೂತು ಆ ರಾತ್ರಿಯ ಸಾಕ್ಷಿಯನ್ನು ಹಾಗೇ ಹಿಡಿದುಕೊಂಡಿದ್ದವು. ಇದನ್ನು ಮೊದಲ ಸಲ ಓದಿದಾಗ ನಾನು ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತುಕೊಂಡೆ.

ವಿಚಿತ್ರವೆಂದರೆ ಅದೇ 2013ರ ಸೆಪ್ಟೆಂಬರ್‌ನಲ್ಲಿ, ಒಕ್ಲಹೋಮ ರಾಜ್ಯದ ಫಾಸ್ ಲೇಕ್ ಎಂಬ ಜಲಾಶಯದಲ್ಲಿ ಒಂದಲ್ಲ, ಎರಡು ಕಾರು ಸಿಕ್ಕವು. ಅಲ್ಲಿ ಯಾರೂ ಯಾರನ್ನೂ ಹುಡುಕುತ್ತಿರಲಿಲ್ಲ. ಹೆದ್ದಾರಿ ಪೊಲೀಸರ ಮುಳುಗುಗಾರರು ಹೊಸದಾಗಿ ಬಂದ ಸೋನಾರನ್ನು ಪರೀಕ್ಷಿಸಲು ಹೋಗಿದ್ದರು. ಪರದೆಯ ಮೇಲೆ ಅಕ್ಕಪಕ್ಕ ಎರಡು ಕಾರುಗಳ ಆಕಾರ ಬಂತು. ಯಾರೋ ಕದ್ದು ಎಸೆದ ಕಾರುಗಳಿರಬೇಕು ಅಂದುಕೊಂಡು ಎತ್ತಲು ಹೋದರು. ಮೇಲೆ ಬಂದಾಗ ಒಳಗೆ ಮೂಳೆಗಳಿದ್ದವು. ಒಂದು 1969ರ ಷೆವ್ರೊಲೆ ಕಮಾರೊ. ಅದರಲ್ಲಿದ್ದದ್ದು 1970ರ ನವೆಂಬರ್‌ನಲ್ಲಿ ಕಾಣೆಯಾದ ಮೂವರು, ಹದಿನಾರು ಹದಿನೆಂಟರ ಮಕ್ಕಳು. ಇನ್ನೊಂದು ಐವತ್ತರ ದಶಕದ ಷೆವ್ರೊಲೆ. ಅದರಲ್ಲಿ 1969ರ ಏಪ್ರಿಲ್‌ನಲ್ಲಿ ಕಾಣೆಯಾದ ಮೂವರು ದೊಡ್ಡವರು. ಎರಡೂ ಬೇರೆ ಬೇರೆ ಘಟನೆ. ಒಂದಕ್ಕೊಂದು ಸಂಬಂಧವಿಲ್ಲ. ಸುಮಾರು ಒಂದೂವರೆ ವರ್ಷದ ಅಂತರದಲ್ಲಿ ಎರಡು ಕಾರು ಒಂದೇ ದಡದಿಂದ, ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಿದ್ದಿದ್ದವು. ನೀರಿನ ಆಳ ಎಷ್ಟು ಗೊತ್ತಾ? ಹನ್ನೆರಡು ಅಡಿ. ಒಂದಾಳಿನ ಮೇಲೆ ಇನ್ನೊಂದಾಳು ನಿಂತಷ್ಟು. ದೋಣಿ ಇಳಿಸುವ ಜಾಗದ ಪಕ್ಕದಲ್ಲೇ. ನಾಲ್ಕು ದಶಕ ಜನ ಆ ಕಾರುಗಳ ಮೇಲೆ ದೋಣಿ ನಡೆಸಿದ್ದಾರೆ, ಗಾಳ ಹಾಕಿದ್ದಾರೆ.

ಹನ್ನೆರಡು ಅಡಿ ನೀರಿನಲ್ಲಿ ಒಂದು ಕಾರು ಕಾಣುವುದಿಲ್ಲವೇ ಅಂತ ನೀವು ಕೇಳಬಹುದು. ಕಾಣುವುದಿಲ್ಲ. ನಿಮ್ಮ ನಾಲೆಯಲ್ಲಿ ಮಳೆಗಾಲದ ನೀರಿಗೆ ಕೈ ಇಳಿಸಿ ನೋಡಿ. ಮೊಣಕೈ ಮುಳುಗುವಷ್ಟರಲ್ಲಿ ಬೆರಳು ಮಾಯವಾಗಿರುತ್ತದೆ. ಬೆಳಕು ಕೆಸರು ನೀರಲ್ಲಿ ಬೇಗ ಸೋಲುತ್ತದೆ, ಶಬ್ದ ಸೋಲುವುದಿಲ್ಲ. ನೀರಲ್ಲಿ ಶಬ್ದ ಒಂದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ನಮ್ಮ ಕೆಲಸ ನಿಂತಿರುವುದು ಇದರ ಮೇಲೆ.

ಸೈಡ್ ಸ್ಕ್ಯಾನ್ ಸೋನಾರ್ ಅಂತ ಕರೆಯುತ್ತೇವೆ. ದೋಣಿಯ ಕೆಳಗೆ ಒಂದು ಉಪಕರಣ ಇರುತ್ತದೆ, ಅಥವಾ ಮೀನಿನ ಆಕಾರದ ಒಂದು ಕೊಳವೆಯನ್ನು ಕೇಬಲ್ಲಿಗೆ ಕಟ್ಟಿ ಹಿಂದೆ ಎಳೆದುಕೊಂಡು ಹೋಗುತ್ತೇವೆ. ಅದು ಎಡಕ್ಕೂ ಬಲಕ್ಕೂ ಬೀಸಣಿಗೆಯ ಹಾಗೆ ಹರಡುವ ಶಬ್ದದ ಮಿಡಿತ ಬಿಡುತ್ತದೆ. ಶಬ್ದ ತಳಕ್ಕೆ ಬಡಿದು ವಾಪಸು ಬರುತ್ತದೆ. ಮೆತ್ತನೆಯ ಹೂಳಿನಿಂದ ಬರುವ ಪ್ರತಿಧ್ವನಿ ಮಂಕು, ಕಲ್ಲು ಕಬ್ಬಿಣದಿಂದ ಬರುವುದು ಜೋರು. ದೋಣಿ ಮುಂದೆ ಹೋದ ಹಾಗೆ ಒಂದೊಂದೇ ಗೆರೆ ಸೇರಿ ಚಿತ್ರವಾಗುತ್ತದೆ. ಮಗ್ಗದಲ್ಲಿ ಎಳೆ ಎಳೆಯಾಗಿ ಸೀರೆಯ ಅಂಚಿನ ವಿನ್ಯಾಸ ಮೂಡುತ್ತದಲ್ಲ, ಹಾಗೆ. ದೋಣಿ ಮನುಷ್ಯ ನಡೆಯುವ ವೇಗಕ್ಕಿಂತ ಹೆಚ್ಚು ಓಡಬಾರದು, ನೇರ ಗೆರೆ ಬಿಡಬಾರದು. ತಿರುಗಿದರೆ ಚಿತ್ರ ಸೊಟ್ಟಗಾಗುತ್ತದೆ.

ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲು ಕಲಿಸುತ್ತಿದ್ದದ್ದು ವಸ್ತುವನ್ನು ನೋಡಬೇಡಿ, ನೆರಳನ್ನು ನೋಡಿ ಅಂತ. ತಳದಿಂದ ಎದ್ದು ನಿಂತ ಯಾವುದೇ ವಸ್ತುವಿನ ಹಿಂದೆ ಶಬ್ದ ತಲುಪದ ಜಾಗ ಒಂದಿರುತ್ತದೆ. ಪರದೆಯ ಮೇಲೆ ಅದು ಕಪ್ಪು ನೆರಳಾಗಿ ಬರುತ್ತದೆ. ವಸ್ತು ಬರೀ ಬೆಳ್ಳಗಿನ ಮಚ್ಚೆಯಾಗಿ ಕಂಡರೂ ನೆರಳಲ್ಲಿ ಅದರ ನಿಜ ಆಕಾರ ಬಿದ್ದಿರುತ್ತದೆ. ತಲೆಕೆಳಗಾದ ಕಾರಾದರೆ ನಾಲ್ಕು ಚಕ್ರ ನೆರಳಲ್ಲಿ ಮೊಳೆಗಳಂತೆ ನಿಂತಿರುತ್ತವೆ. ನಾನು ಸಂಜೆಯ ಸುಸ್ತಿನಲ್ಲಿ ಬಂಡೆಯನ್ನು ದೋಣಿ ಅಂದುಕೊಂಡದ್ದೂ ಉಂಟು. ಆಗೆಲ್ಲ ನನ್ನನ್ನು ತಿದ್ದಿದ್ದು ನೆರಳು.

ಹಿಂದೆ ಈ ಉಪಕರಣ ನೌಕಾಪಡೆ, ತೈಲ ಕಂಪನಿ, ಬಂದರುಗಳ ಹತ್ತಿರ ಮಾತ್ರ ಇರುತ್ತಿತ್ತು. ಆಮೇಲೆ ಅಮೆರಿಕದಲ್ಲಿ ಹವ್ಯಾಸಕ್ಕೆ ಮೀನು ಹಿಡಿಯುವವರ ಸಣ್ಣ ದೋಣಿಗೆ ಇದು ಬಂತು. ಹಮ್ಮಿನ್‌ಬರ್ಡ್, ಗಾರ್ಮಿನ್, ಲೋರನ್ಸ್ ಕಂಪನಿಗಳ ಮೀನು ಹುಡುಕುವ ಯಂತ್ರಗಳಲ್ಲೇ ಸೈಡ್ ಸ್ಕ್ಯಾನ್ ಸೇರಿಕೊಂಡಿತು. ಮೀನಿಗಾಗಿ ತಳ ನೋಡುತ್ತಿದ್ದವರಿಗೆ ಕಾರುಗಳು ಕಾಣತೊಡಗಿದವು. ಅದರಿಂದಲೇ ಸ್ವಯಂಸೇವಕ ಮುಳುಗುಗಾರರ ತಂಡಗಳು ಹುಟ್ಟಿದವು. ಹಳೆಯ ಕಾಣೆಯಾದವರ ಕಡತ ಹಿಡಿದು, ಕೊನೆಗೆ ಕಂಡ ಜಾಗಕ್ಕೂ ಮನೆಗೂ ನಡುವೆ ಇರುವ ನೀರಿನ ಜಾಗಗಳನ್ನೆಲ್ಲ ನಕ್ಷೆಯಲ್ಲಿ ಗುರುತು ಹಾಕಿ, ಒಂದೊಂದನ್ನೇ ನೋಡುತ್ತಾ ಹೋಗುತ್ತಾರೆ. ಪರದೆಯಲ್ಲಿ ಕಾರು ಕಂಡರೆ ಹಗ್ಗಕ್ಕೆ ಕಟ್ಟಿದ ಬಲವಾದ ಅಯಸ್ಕಾಂತ ಇಳಿಸಿ ಅಂಟಿಸುತ್ತಾರೆ. ಮುಳುಗುಗಾರ ಆ ಹಗ್ಗ ಹಿಡಿದೇ ಕತ್ತಲಲ್ಲಿ ಕೆಳಗೆ ಹೋಗಿ ನಂಬರ್ ಪ್ಲೇಟ್ ತಡವುತ್ತಾನೆ.

ಟೆನೆಸಿ ರಾಜ್ಯದ ಸ್ಪಾರ್ಟಾ ಎಂಬ ಸಣ್ಣ ಊರಿನಲ್ಲಿ 2000ದ ಏಪ್ರಿಲ್‌ನಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಕಾರಿನ ಸಮೇತ ಕಾಣೆಯಾದರು. ಹುಡುಗಿಗೆ ಹದಿನೆಂಟು, ಹುಡುಗನಿಗೆ ಹದಿನೇಳು. ಇಪ್ಪತ್ತೊಂದು ವರ್ಷ ಊರಿನಲ್ಲಿ ಕೊಲೆಯ ಕಥೆಗಳು ಓಡಾಡಿದವು. 2021ರ ಕೊನೆಗೆ ಜೆರೆಮಿ ಸೈಡ್ಸ್ ಎಂಬ ಮುಳುಗುಗಾರ, ಅವರ ಯೂಟ್ಯೂಬ್ ವೀಡಿಯೊಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು, ರಸ್ತೆಯ ಪಕ್ಕದ ಕಾಫ್‌ಕಿಲ್ಲರ್ ನದಿಯಲ್ಲಿ ಆ ಪಾಂಟಿಯಾಕ್ ಕಾರನ್ನು ಪತ್ತೆ ಮಾಡಿದರು. ನಂಬರ್ ಪ್ಲೇಟ್ ಹೊಂದಿಕೆಯಾಯಿತು. ನೀರು ಹದಿಮೂರು ಅಡಿಯಷ್ಟು.

ಯೂಟ್ಯೂಬಿನವರ ಬಗ್ಗೆ ನನ್ನ ಮನಸ್ಸಿನಲ್ಲಿ ಒಂದು ಹಿಂಜರಿಕೆ ಇದೆ, ಮುಚ್ಚಿಡುವುದಿಲ್ಲ. ಒಂದು ಮನೆಯವರ ಜೀವಮಾನದ ದುಃಖ ಮೇಲೆ ಬರುವ ಗಳಿಗೆಯಲ್ಲಿ ಕ್ಯಾಮೆರಾ ಇರಬೇಕೇ? ಮನೆಯವರಿಗೆ ಮೊದಲು ಗೊತ್ತಾಗಬೇಕು, ಲೋಕಕ್ಕೆ ಆಮೇಲೆ. ಆದರೂ ಆ ವೀಡಿಯೊಗಳ ಹಣದಿಂದಲೇ ಇಂಧನ, ದೋಣಿ, ಉಸಿರಾಟದ ಗಾಳಿಯ ಸಿಲಿಂಡರು ಎಲ್ಲ ನಡೆಯುತ್ತದೆ, ಮನೆಯವರಿಂದ ಕಾಸು ಕೇಳುವುದಿಲ್ಲ ಅನ್ನುವುದನ್ನೂ ನೋಡಬೇಕು. ಸರ್ಕಾರಿ ಕಡತ ಮುಚ್ಚಿಟ್ಟ ಪ್ರಕರಣಕ್ಕೆ ಇನ್ನೊಬ್ಬರು ಬೆಳಗಿನ ಚಳಿಯಲ್ಲಿ ನೀರಿಗಿಳಿಯುತ್ತಾರೆ ಅಂದರೆ ಅವರಿಗೆ ನಾನು ಕೈ ಮುಗಿಯುತ್ತೇನೆ.

ಎಲ್ಲವೂ ಸೋನಾರಿನಿಂದಲೇ ಸಿಕ್ಕಿದ್ದಲ್ಲ. ಫ್ಲಾರಿಡಾದಲ್ಲಿ 1997ರ ನವೆಂಬರ್‌ನ ಒಂದು ರಾತ್ರಿ ನಲವತ್ತು ವರ್ಷದ ಒಬ್ಬರು, ಇನ್ನೇನು ಮನೆಗೆ ಬರುತ್ತೇನೆ ಅಂತ ಫೋನ್ ಮಾಡಿದರು, ಬರಲಿಲ್ಲ. 2019ರಲ್ಲಿ ವೆಲ್ಲಿಂಗ್ಟನ್ ಎಂಬಲ್ಲಿನ ಬಡಾವಣೆಯಲ್ಲಿ ಮೊದಲು ವಾಸವಾಗಿದ್ದವರೊಬ್ಬರು ಗೂಗಲ್‌ನ ಉಪಗ್ರಹ ಚಿತ್ರದಲ್ಲಿ ತಮ್ಮ ಹಳೆಯ ಬೀದಿ ನೋಡುತ್ತಿದ್ದರು. ಮನೆಗಳ ಹಿಂದಿನ ಕೊಳದಲ್ಲಿ ಕಾರಿನಂಥದ್ದೇನೋ ಬೆಳ್ಳಗೆ ಕಂಡಿತು. ಅಲ್ಲಿ ಈಗ ಇರುವವರಿಗೆ ತಿಳಿಸಿದರು, ಅವರು ಡ್ರೋನ್ ಹಾರಿಸಿ ನೋಡಿ ಪೊಲೀಸರನ್ನು ಕರೆದರು. 2007ರಿಂದಲೇ ಆ ಚಿತ್ರದಲ್ಲಿ ಕಾರು ಕಾಣುತ್ತಿತ್ತು. ಹನ್ನೆರಡು ವರ್ಷ ಪ್ರಪಂಚದ ಯಾರು ಬೇಕಾದರೂ ನೋಡಬಹುದಾಗಿದ್ದ ಚಿತ್ರ ಅದು.

ಜಾರ್ಜಿಯಾದ ಒಂದು ಪ್ರಕರಣ ಹೇಳಿ ಈ ಭಾಗ ಮುಗಿಸುತ್ತೇನೆ. 1976ರ ಜನವರಿ 27ರ ರಾತ್ರಿ ಇಪ್ಪತ್ತೆರಡು ವರ್ಷದ ಕಾಲೇಜು ಹುಡುಗ ಲಗ್ರಾಂಜ್ ಎಂಬ ತನ್ನ ಊರಿನಿಂದ ಪಕ್ಕದ ಅಲಬಾಮ ರಾಜ್ಯದಲ್ಲಿದ್ದ ಆಬರ್ನ್ ವಿಶ್ವವಿದ್ಯಾಲಯಕ್ಕೆ ತನ್ನ ಫೋರ್ಡ್ ಪಿಂಟೊದಲ್ಲಿ ಹೊರಟ. ತಲುಪಲಿಲ್ಲ. 2005ರಲ್ಲಿ, ಅವನನ್ನು ಕೊಂದು ಪೀಪಾಯಿಗೆ ತುಂಬಿ, ಕಾಂಕ್ರೀಟು ಸುರಿದು ಕೊಳಕ್ಕೆ ಎಸೆದರು ಎಂಬ ಹೇಳಿಕೆಯೊಂದು ಬಂದು ಬಂಧನಗಳೂ ಆದವು. ಒಬ್ಬನೇ ಮಗನ ತಂದೆ ತಾಯಿ ಆ ಪೀಪಾಯಿಯ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬದುಕಬೇಕಾಯಿತು. ತಂದೆ 2007ರಲ್ಲಿ ತೀರಿಕೊಂಡರು. ತಾಯಿ 2021ರ ಜನವರಿಯಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಅಲಬಾಮದ ಒಂದು ಹಳ್ಳದಲ್ಲಿ ಕಾರಿನ ಹಿಂಭಾಗ ಮೇಲೆ ಕಂಡಿತು, ದಾರಿಹೋಕರೊಬ್ಬರು ಪೊಲೀಸರಿಗೆ ಫೋನ್ ಮಾಡಿದರು. ಅವನ ಪಿಂಟೊ, ಅವನ ಗುರುತಿನ ಚೀಟಿ, ಮೂಳೆಗಳು. ಮೂಳೆಗಳು ಅವನವೇ ಅಂತ 2023ರಲ್ಲಿ ಖಚಿತವಾಯಿತು. ಹಳ್ಳ ರಾಜ್ಯದ ಗಡಿಯ ಆಚೆಗಿತ್ತು. ಕಾಣೆಯಾದ ದೂರು ಒಂದು ರಾಜ್ಯದ್ದು, ನೀರು ಇನ್ನೊಂದು ರಾಜ್ಯದ್ದು.

ಹಾಗಂತ ನೀರಿನಲ್ಲಿ ಸಿಕ್ಕ ಕಾರೆಲ್ಲ ಅಪಘಾತ ಅಂತ ತೀರ್ಮಾನ ಮಾಡಬೇಡಿ. 1994ರಲ್ಲಿ ಸೌತ್ ಕ್ಯಾರೊಲೈನಾದಲ್ಲಿ ಒಬ್ಬ ತಾಯಿ, ಕಪ್ಪು ಮನುಷ್ಯನೊಬ್ಬ ತನ್ನ ಕಾರನ್ನೂ ಒಳಗಿದ್ದ ಇಬ್ಬರು ಪುಟ್ಟ ಮಕ್ಕಳನ್ನೂ ಕಸಿದುಕೊಂಡು ಹೋದ ಅಂತ ಟಿವಿಯಲ್ಲಿ ಅತ್ತಳು. ಒಂಬತ್ತು ದಿನದ ನಂತರ ಅವಳೇ ಕಾರನ್ನು ಕೆರೆಗೆ ಇಳಿಯಬಿಟ್ಟದ್ದಾಗಿ ಒಪ್ಪಿಕೊಂಡಳು. ಆ ಕೆರೆಯಲ್ಲಿ ಮುಳುಗುಗಾರರು ಅದಕ್ಕೂ ಮುಂಚೆಯೇ ಹುಡುಕಿದ್ದರು, ಆದರೆ ದಡದ ಹತ್ತಿರ ಮಾತ್ರ. ಕಾರು ಇದ್ದದ್ದು ದಡದಿಂದ ನೂರಿಪ್ಪತ್ತು ಅಡಿ ಒಳಗೆ. ಗಾಜು ಮುಚ್ಚಿದ ಕಾರು ತಕ್ಷಣ ಮುಳುಗುವುದಿಲ್ಲ. ಸ್ವಲ್ಪ ಹೊತ್ತು ತೇಲುತ್ತದೆ, ತೇಲುತ್ತಾ ಒಳಕ್ಕೆ ಹೋಗುತ್ತದೆ. ಈಗಿನ ತಂಡಗಳು ಇದನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಆ ಸುಳ್ಳಿನಿಂದ ಆ ಒಂಬತ್ತು ದಿನ ಕಪ್ಪು ಜನ ಏನೆಲ್ಲ ಅನುಭವಿಸಿದರು ಅನ್ನುವುದು ಇನ್ನೊಂದು ಉಪನ್ಯಾಸಕ್ಕೆ ಆಗುವಷ್ಟಿದೆ.

ಕಾರಿನೊಳಗೆ ಇಷ್ಟು ವರ್ಷ ಏನು ಉಳಿಯುತ್ತದೆ ಅನ್ನುವ ಕುತೂಹಲ ಇರುತ್ತದೆ. ಹೊಳೆಗೆ ಬಿದ್ದ ದೇಹ ಕೊಚ್ಚಿಕೊಂಡು ಹೋಗಬಹುದು. ಕಾರಿನೊಳಗಿದ್ದರೆ ಹಾಗಾಗುವುದಿಲ್ಲ. ಕಾರು ಒಂದು ಪೆಟ್ಟಿಗೆಯ ಹಾಗೆ. ಕಿಟಕಿಯ ಸಂದಿಯಿಂದ ನುಣುಪಾದ ಹೂಳು ಒಳಗೆ ಬಂದು ನಿಧಾನವಾಗಿ ತುಂಬಿಕೊಳ್ಳುತ್ತದೆ. ಹೂಳಿನ ಒಳಗೆ ಆಮ್ಲಜನಕ ಇರುವುದಿಲ್ಲ, ತುಕ್ಕೂ ಕೊಳೆತವೂ ತಡವಾಗುತ್ತವೆ. ಅದಕ್ಕೇ ಚರ್ಮದ ಪರ್ಸು, ಬೂಟು, ಪ್ಲಾಸ್ಟಿಕ್ ಕಾರ್ಡು ಉಳಿಯುತ್ತವೆ. ಇಂಥ ಕಾರು ಎತ್ತಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಮೂಳೆ ಗುರುತಿಸಬಲ್ಲ ಮಾನವಶಾಸ್ತ್ರಜ್ಞರು ಆ ಹೂಳನ್ನು ಬೊಗಸೆ ಬೊಗಸೆಯಾಗಿ ಜರಡಿ ಹಿಡಿಯುತ್ತಾರೆ. ಹೂಳು ಉಳಿಸುವ ಹಾಗೇ ಮುಚ್ಚಿಯೂ ಇಡುತ್ತದೆ. 1958ರ ಡಿಸೆಂಬರ್‌ನಲ್ಲಿ ಆರಿಗನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಿಂದ ಕ್ರಿಸ್‌ಮಸ್‌ಗೆ ಹಸಿರು ಕೊಂಬೆ ತರಲು ಹೊರಟ ಗಂಡ ಹೆಂಡತಿ, ಮೂವರು ಹೆಣ್ಣುಮಕ್ಕಳ ಸಂಸಾರ ಕೊಲಂಬಿಯಾ ನದಿಯ ಹತ್ತಿರ ಕಾಣೆಯಾಯಿತು. ಮುಂದಿನ ಬೇಸಿಗೆಯ ಮುಂಚೆ ಇಬ್ಬರು ಮಕ್ಕಳ ದೇಹ ಮಾತ್ರ ಸಿಕ್ಕವು. ಆರ್ಚರ್ ಮೇಯೊ ಎಂಬ ಮುಳುಗುಗಾರ ವರ್ಷಗಟ್ಟಲೆ ಹುಡುಕಿ 2024ರಲ್ಲಿ ಆ ಫೋರ್ಡ್ ಕಾರು ಇರುವ ಜಾಗ ಕಂಡುಹಿಡಿದರು. 2025ರ ಮಾರ್ಚ್‌ನಲ್ಲಿ ಕ್ರೇನ್ ತಂದು ಎತ್ತಿದರೆ ಬಂದದ್ದು ಚೌಕಟ್ಟಿನ ಭಾಗ ಅಷ್ಟೇ. ಕಾರಿನ ಮೈಯನ್ನು ಹೂಳು ಅಷ್ಟು ಬಿಗಿಯಾಗಿ ಹಿಡಿದಿತ್ತು.

ಇನ್ನು ಸಭೆಯ ಪ್ರಶ್ನೆಗಳು.

ಒಬ್ಬ ಕಾಲೇಜು ಹುಡುಗ ಕೇಳಿದ: "ಸಾರ್, ಈಜು ಬರುವವರೂ ಕಾರಿನಿಂದ ಯಾಕೆ ಹೊರಗೆ ಬರಲ್ಲ? ಬಾಗಿಲು ತೆಗೆದರೆ ಆಯ್ತಲ್ಲ?"

ಈ ಪ್ರಶ್ನೆ ಕೇಳಿದ್ದಕ್ಕೆ ಅವನಿಗೆ ಧನ್ಯವಾದ ಹೇಳಿದೆ, ಯಾಕೆಂದರೆ ಮಂಡ್ಯದಲ್ಲಿ ಇದು ಜೀವದ ಪ್ರಶ್ನೆ. 2018ರ ನವೆಂಬರ್‌ನಲ್ಲಿ ಕನಗನಮರಡಿಯ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಹೋದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. 2023ರ ನವೆಂಬರ್‌ನಲ್ಲಿ ಬನಘಟ್ಟದ ಹತ್ತಿರ ಅದೇ ನಾಲೆಗೆ ಕಾರು ಬಿದ್ದು ಐದು ಜನ. ಲೆಕ್ಕ ಇಷ್ಟು: ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ ಒಂದು ಚದರ ಮೀಟರಿನ ಮೇಲೆ 500 ಕಿಲೋ ಭಾರ ಒತ್ತುತ್ತದೆ. ಹೊರಗೆ ನೀರು, ಒಳಗೆ ಗಾಳಿ ಇರುವಷ್ಟು ಹೊತ್ತು ಬಾಗಿಲನ್ನು ಪೈಲ್ವಾನನೂ ತಳ್ಳಲಾರ. ಒಂದು ವೇಳೆ ತೆಗೆದರೂ ನೀರು ನುಗ್ಗಿ ಕಾರು ಕ್ಷಣದಲ್ಲಿ ಮುಳುಗುತ್ತದೆ. ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರೊಫೆಸರು ಜನರನ್ನು ಕೂರಿಸಿ ನಿಜವಾಗಿ ಕಾರುಗಳನ್ನು ನೀರಿಗೆ ಇಳಿಸಿ ಪರೀಕ್ಷೆ ಮಾಡಿದ್ದಾರೆ. ಅವರು ಹೇಳುವುದು: ಕೈಯಲ್ಲಿರುವುದು ಸುಮಾರು ಒಂದು ನಿಮಿಷ. ಆ ನಿಮಿಷದಲ್ಲಿ ಫೋನ್ ಮಾಡಬೇಡಿ, ಬಾಗಿಲು ಮುಟ್ಟಬೇಡಿ. ಸೀಟ್ ಬೆಲ್ಟ್ ಬಿಚ್ಚಿ, ಪಕ್ಕದ ಕಿಟಕಿಯ ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ತಳ್ಳಿ, ಆಮೇಲೆ ನೀವು ಬನ್ನಿ. ನೀರು ಕಿಟಕಿಯ ಮಟ್ಟಕ್ಕೆ ಏರಿದ ಮೇಲೆ ಗಾಜು ಕೂಡ ಇಳಿಯುವುದು ಕಷ್ಟ. ಇದನ್ನು ಅವನಿಂದ ಎರಡು ಸಲ ಹೇಳಿಸಿದೆ. ಬೆಲ್ಟು, ಕಿಟಕಿ, ಮಕ್ಕಳು, ನಾವು. ಮನೆಗೆ ಹೋಗಿ ಹೇಳು ಅಂದೆ.

ಇನ್ನೊಬ್ಬರು ಶಿರೂರಿನ ಬಗ್ಗೆ ಕೇಳಿದರು. ಸೋನಾರ್ ಇಷ್ಟು ಸುಲಭವಾದರೆ ಗಂಗಾವಳಿಯಲ್ಲಿ ಆ ಲಾರಿ ಸಿಗಲು ಎರಡು ತಿಂಗಳು ಯಾಕೆ ಬೇಕಾಯಿತು?

ಇದು ನನ್ನ ಜಿಲ್ಲೆಯ ಕಡೆಯ ವಿಷಯ, ಉತ್ತರ ಹೇಳುವಾಗ ಗಂಟಲು ಕಟ್ಟಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಮರ ತುಂಬಿದ್ದ ಕೇರಳದ ಲಾರಿ ಚಾಲಕನ ಸಮೇತ ಮಾಯವಾಯಿತು. ನೌಕಾಪಡೆ ಸೋನಾರ್ ತಂದಿತು, ಡ್ರೋನಿನಿಂದ ನೋಡುವ ಉಪಕರಣವೂ ಬಂತು. ನದಿಯಲ್ಲಿ ಲೋಹ ಇರುವ ಜಾಗಗಳ ಸುಳಿವೂ ಸಿಕ್ಕಿತು. ಆದರೆ ಸುಳಿವು ಸಿಗುವುದು ಬೇರೆ, ಅಲ್ಲಿಗೆ ಮನುಷ್ಯ ಇಳಿಯುವುದು ಬೇರೆ. ಮಳೆಗಾಲದ ಗಂಗಾವಳಿಯ ಸೆಳವಿನಲ್ಲಿ, ಗುಡ್ಡದ ಮಣ್ಣೇ ನದಿಗೆ ಬಿದ್ದಿರುವಾಗ, ಮುಳುಗುಗಾರನಿಗೆ ಕಾಲೂರಲು ಆಗುವುದಿಲ್ಲ. ಮಲ್ಪೆಯ ಈಶ್ವರ್ ಅವರು ಜೀವದ ಹಂಗು ತೊರೆದು ಇಳಿದದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಕೊನೆಗೆ ಸೆಳವು ತಗ್ಗಿ, ಗೋವಾದಿಂದ ಹೂಳೆತ್ತುವ ಡ್ರೆಜ್ಜರ್ ಬಂದ ಮೇಲೆ ಸೆಪ್ಟೆಂಬರ್ 25ರಂದು ಲಾರಿಯ ಕ್ಯಾಬಿನ್ ಮೇಲೆ ಬಂತು. ಚಾಲಕ ಅದರೊಳಗೇ ಇದ್ದರು. ಗುಡ್ಡ ಕುಸಿದ ಜಾಗ ಗೊತ್ತಿತ್ತು, ಕುಸಿದ ಹೊತ್ತು ಗೊತ್ತಿತ್ತು, ದೇಶವೇ ನೋಡುತ್ತಿತ್ತು. ಅಷ್ಟಿದ್ದೂ ಎಪ್ಪತ್ತು ದಿನ ದಾಟಿತು. ಯಾರೂ ನೋಡದ ರಾತ್ರಿಯಲ್ಲಿ ಬಿದ್ದ ಕಾರಿಗೆ ನಲವತ್ತು ವರ್ಷ ಹಿಡಿದದ್ದು ಹೇಗೆ ಅಂತ ನನಗೆ ಸರಿಯಾಗಿ ಅರ್ಥವಾದದ್ದು ಆ ಎಪ್ಪತ್ತು ದಿನಗಳಲ್ಲಿ.

ನಿವೃತ್ತ ಮೇಷ್ಟರೊಬ್ಬರು, ನಮ್ಮಲ್ಲಿ ಏನು ಮಾಡಬಹುದು ಹೇಳಿ ಅಂದರು. ನನಗೆ ತೋಚಿದ್ದು ಹೇಳಿದೆ. ನಿಮ್ಮ ನಾಲೆಗೆ ವರ್ಷದಲ್ಲಿ ನೀರು ನಿಲ್ಲಿಸುವ ದಿನಗಳಿರುತ್ತವೆ. ವಾಹನದ ಸಮೇತ ಯಾರಾದರೂ ಕಾಣೆಯಾದ ದೂರು ಠಾಣೆಯಲ್ಲಿ ಬಾಕಿ ಇದ್ದರೆ, ಆ ದಿನಗಳಲ್ಲಿ ದಾರಿಯ ಪಕ್ಕದ ನಾಲೆ, ಕೆರೆಯ ಮಡು, ಸೇತುವೆಯ ಕೆಳಗಿನ ಗುಂಡಿಗಳನ್ನು ನೋಡಿಕೊಂಡು ಬರಬಹುದು. ಸೋನಾರ್ ಬೇಡ, ಹಗ್ಗ, ಗಳ, ನಾಲ್ಕು ಜನ ಸಾಕು. ಕೊನೆಗೆ ಕಂಡ ಜಾಗದಿಂದ ಮನೆಯ ತನಕ ರಸ್ತೆ ಎಲ್ಲೆಲ್ಲಿ ನೀರಿನ ಪಕ್ಕ ತಿರುಗುತ್ತದೆ, ಎಲ್ಲಿ ತಡೆಗೋಡೆ ಇಲ್ಲ, ಅದನ್ನು ಮೊದಲು ನೋಡಿ. ಓಡಿಹೋಗಿದ್ದಾನೆ, ಸಾಲ ಮಾಡಿ ತಲೆಮರೆಸಿಕೊಂಡಿದ್ದಾನೆ ಅಂತ ಆಮೇಲೆ ಅನ್ನೋಣ. ಆ ಮಾತು ಹುಟ್ಟಿದ ಮೇಲೆ ಹುಡುಕುವವರ ಕಾಲು ಅಲ್ಲಿಗೇ ನಿಂತುಬಿಡುತ್ತದೆ. ಮನೆಯವರು ತಲೆ ಎತ್ತಿಕೊಂಡು ಬೀದಿಗೆ ಬರಲಾರದೆ ಹೋಗುತ್ತಾರೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ವಯಸ್ಸಾದ ಅಮ್ಮ ಎದ್ದರು. ಮೈಕು ಬೇಡ ಅಂದರು. "ಆ ಸ್ಟೂಡಿಬೇಕರ್ ಕಾರಿನ ಹುಡುಗೀರ ವಿಷಯ ಹೇಳಿದಿರಲ್ಲಪ್ಪ. ಆ ಪರ್ಸು, ಚೀಟಿ ಅಂಥದ್ದು ಏನಾದ್ರೂ ಸಿಕ್ತಾ? ಮನೇವ್ರಿಗೆ ಕೊಟ್ರಾ?"

ಸಿಕ್ಕಿತು ಅಮ್ಮ, ಅಂದೆ. ಒಬ್ಬಳ ಕೈಚೀಲ ಸಿಕ್ಕಿತು. ಒಳಗೆ ಡ್ರೈವಿಂಗ್ ಲೈಸೆನ್ಸ್ ಇತ್ತು, ಅವಳ ಫೋಟೊ ಸಮೇತ. ಜೊತೆಗೆ ಓದುವ ಮಕ್ಕಳು ಬರೆದುಕೊಟ್ಟಿದ್ದ ಚೀಟಿಗಳಿದ್ದವು, ಫೋಟೊಗಳಿದ್ದವು. ಬಟ್ಟೆಯ ತುಂಡುಗಳಿದ್ದವು. ಅಕ್ಕ ತಂಗಿಯರು, ಗೆಳತಿಯರು ಇನ್ನೂ ಇದ್ದರು. ಇಬ್ಬರಲ್ಲಿ ಒಬ್ಬಳ ತಂದೆ 102 ವರ್ಷ ಬದುಕಿದ್ದರು. ಹಳ್ಳದಲ್ಲಿ ಕಾರಿನ ಚಕ್ರ ಕಂಡದ್ದು ಅವರು ತೀರಿಕೊಂಡ ಕೆಲವೇ ದಿನಗಳ ನಂತರ.